ಎರಡು ವರ್ಷ ಐರನ್ ಮಾತ್ರೆ ನುಂಗಿದರೂ ರಕ್ತ ಏರಲಿಲ್ಲ, ಕಾರಣ ಅಮ್ಮನ ಹೊಟ್ಟೆಯಲ್ಲಿತ್ತು

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ. ಮನೆಯಲ್ಲಿ ಐವತ್ತು ದಾಟಿದ ಹೆಂಗಸರಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮ ಅಮ್ಮನಿಗೆ 58 ವರ್ಷ. ಮೂರು ವರ್ಷದ ಹಿಂದೆ ಮಹಡಿ ಹತ್ತಿದರೆ ಏದುಸಿರು ಬರಲು ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8 ಇತ್ತು. ಐರನ್ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳಿಗೆ 8.6 ಆಯಿತು. ನಿಲ್ಲಿಸಿದ ಎರಡೇ ತಿಂಗಳಿಗೆ ಮತ್ತೆ 7.7. ಮಾತ್ರೆ ಬದಲಿಸಿದರು, ಟಾನಿಕ್ ಕೊಟ್ಟರು, ಅದೇ ಕಥೆ. ಅಮ್ಮ ಸರಿಯಾಗಿ ಊಟ ಮಾಡಲ್ಲ ಅಂತ ನೆಂಟರೆಲ್ಲ ಅವರನ್ನೇ ಬೈದರು. ಬಸಳೆ, ನುಗ್ಗೆಸೊಪ್ಪು, ಬೀಟ್‌ರೂಟ್, ಖರ್ಜೂರ ಯಾವುದನ್ನೂ ಬಿಟ್ಟಿರಲಿಲ್ಲ ನಾವು.

ಈ ನಡುವೆ ಕೂದಲು ಉದುರುತ್ತೆ ಅಂತ ಚರ್ಮದ ಡಾಕ್ಟರ ಹತ್ತಿರ ಹೋದೆವು. ಎದೆ ಡವಗುಟ್ಟುತ್ತೆ ಅಂತ ಇಸಿಜಿ, ಎಕೋ ಮಾಡಿಸಿದೆವು. ರಾತ್ರಿ ಮಲಗಿದರೆ ಕಾಲು ಸುಮ್ಮನಿಡಲು ಆಗುತ್ತಿರಲಿಲ್ಲ, ಅದಕ್ಕೆ ನರದ ಡಾಕ್ಟರು. ಮೂರು ಕಡೆ ಮೂರು ಫೈಲ್. ಹೊಟ್ಟೆಯ ಬಗ್ಗೆ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಯಾಕಂದ್ರೆ ಅಮ್ಮನಿಗೆ ಹೊಟ್ಟೆನೋವು ಇರಲೇ ಇಲ್ಲ. ಎದೆಯುರಿ, ಹುಳಿತೇಗು ಯಾವುದೂ ಇಲ್ಲ.

ಇನ್ನೊಂದು ವಿಷಯ ಇತ್ತು. ಮಧ್ಯಾಹ್ನ ಮೊರ ಇಟ್ಟುಕೊಂಡು ಅಕ್ಕಿ ಆರಿಸಲು ಕೂತರೆ ಅಮ್ಮ ಒಂದೊಂದೇ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಳಗಿನ ಕೋಣೆಯಲ್ಲಿ ಕೂತ ನನಗೆ ಕಟಕಟ ಅಂತ ಕೇಳಿಸುತ್ತಿತ್ತು. ನಾನು ಬಂದರೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಸುಮ್ಮನಾಗುತ್ತಿದ್ದರು. ಚಿಕ್ಕ ಮಕ್ಕಳ ಚಟ ಅಂತ ಅವರಿಗೇ ನಾಚಿಕೆ.

ಹೋದ ವರ್ಷ ಸಿಕ್ಕ ಡಾಕ್ಟರಮ್ಮ ಕೂತ ಕೂಡಲೇ ಕೇಳಿದ್ದು ಅದನ್ನೇ. "ಹಸಿ ಅಕ್ಕಿ, ಬಳಪ, ಮಣ್ಣು, ಐಸ್, ಏನಾದರೂ ತಿನ್ನಬೇಕು ಅನ್ಸುತ್ತಾ ಅಮ್ಮ?" ಅಮ್ಮ ತಲೆ ತಗ್ಗಿಸಿದರು. ಮೈಯಲ್ಲಿ ಕಬ್ಬಿಣ ಖಾಲಿಯಾದಾಗ ಹೀಗೆ ಆಸೆ ಹುಟ್ಟುವುದುಂಟಂತೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದರೆ ಬರೀ 6, ತೀರಾ ಕಮ್ಮಿ. ಆಮೇಲೆ ಅವರು ಹೇಳಿದ್ದು ನನಗೆ ಮರೆಯುವುದೇ ಇಲ್ಲ: "ಮುಟ್ಟು ನಿಂತು ಎಂಟು ವರ್ಷ ಆಗಿದೆ. ಹಾಗಾದರೆ ಕಬ್ಬಿಣ ಎಲ್ಲಿ ಹೋಗ್ತಿದೆ? ಹೊಟ್ಟೆ, ಕರುಳು ನೋಡದೆ ಮಾತ್ರೆ ಕೊಡ್ತಾ ಹೋಗೋದು ತಪ್ಪು." ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡುವ ಪರೀಕ್ಷೆ, ಮೇಲಿನಿಂದ ಎಂಡೋಸ್ಕೋಪಿ, ಕೆಳಗಿನಿಂದ ಕೊಲೊನೋಸ್ಕೋಪಿ ಎರಡೂ ಮಾಡಿಸಿದರು. ಈ ವಯಸ್ಸಿನಲ್ಲಿ ಕಾರಣವಿಲ್ಲದೆ ರಕ್ತ ಕಮ್ಮಿಯಾದರೆ ಕರುಳಿನ ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕಂತೆ. ದೇವರ ದಯೆ, ಅದು ಇರಲಿಲ್ಲ. ಇದ್ದದ್ದು ಎಚ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಮತ್ತು ಅದರಿಂದ ಕೆಂಪಗೆ ಊದಿದ ಜಠರದ ಒಳಪದರ.

14 ದಿನ ಆಂಟಿಬಯೋಟಿಕ್ ಕೊಟ್ಟರು. ಬಾಯೆಲ್ಲ ಕಹಿ ಕಹಿ, ಆದರೂ ಅಮ್ಮ ಒಂದು ಹೊತ್ತೂ ತಪ್ಪಿಸಲಿಲ್ಲ. ಆಮೇಲೆ ಮೊದಲಿನ ಅದೇ ಐರನ್ ಮಾತ್ರೆ ಕೊಟ್ಟರೆ ಮೂರು ತಿಂಗಳಿಗೆ 11.9! ಕಾಲಿನ ಚಡಪಡಿಕೆ ಹೋಯಿತು, ಡವಡವ ಹೋಯಿತು. ಕೂದಲು ನಿಧಾನಕ್ಕೆ ಬರ್ತಿದೆ.

ಹೊಟ್ಟೆಯ ತೊಂದರೆ ಹೊಟ್ಟೆ ಬಿಟ್ಟು ಬೇರೆಲ್ಲೋ ಕಾಣಿಸಿಕೊಂಡ ಅನುಭವ ನಿಮ್ಮ ಮನೆಗಳಲ್ಲೂ ಆಗಿದೆಯಾ? ಬರೆಯಿರಿ. ಇನ್ನೊಬ್ಬರ ಎರಡು ವರ್ಷ ಉಳಿಯಬಹುದು.

ಬೆಳವಲದ ಮಗಳು (ಧಾರವಾಡ)

ಅಕ್ಕಾ, ಓದಿ ಕಣ್ಣು ತುಂಬಿತು. ನಮ್ಮ ಅತ್ತಿ ಸೀಮೆಸುಣ್ಣ ತಿಂತಿದ್ದರು. ನಾವು ಮಕ್ಕಳೆಲ್ಲ ನಗ್ತಿದ್ವಿ. ಅವರಿಗೂ ಯಾವಾಗಲೂ ಸುಸ್ತು, ಮುಖ ಬಿಳಿಚಿಕೊಂಡಿರುತ್ತಿತ್ತು. ಈಗ ಅವರಿಲ್ಲ.

ಒಂದು ಅರ್ಥ ಆಗಲಿಲ್ಲ. ಜಠರದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಹುಣ್ಣಾಗಬೇಕು, ನೋವಾಗಬೇಕು. ಕಬ್ಬಿಣ ಯಾಕೆ ಏರುವುದಿಲ್ಲ?

ಸೂಕ್ಷ್ಮದರ್ಶಕ (ಮೈಸೂರು)

ಲ್ಯಾಬ್‌ನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಡಾಕ್ಟರ್ ಅಲ್ಲ, ತಿಳಿದಷ್ಟು ಹೇಳುತ್ತೇನೆ.

ನಾವು ತಿನ್ನುವ ಸೊಪ್ಪು, ರಾಗಿ, ಕಾಳಿನ ಕಬ್ಬಿಣ ಹಾಗೇ ಮೈಗೆ ಹತ್ತುವುದಿಲ್ಲ. ಜಠರದ ಆಮ್ಲದಲ್ಲಿ ಕರಗಬೇಕು. ವಿಟಮಿನ್ ಸಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಸಣ್ಣ ಕರುಳಿನ ಮೊದಲ ಭಾಗ ಅದನ್ನು ಹೀರಿಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಕೂತರೆ ಆಮ್ಲ ಸುರಿಸುವ ಗ್ರಂಥಿಗಳೇ ಸವೆಯಬಹುದು. ಜಠರದ ರಸದಲ್ಲಿ ವಿಟಮಿನ್ ಸಿ ಕೂಡ ಕಮ್ಮಿಯಾಗುತ್ತದೆ. ಕೆಲವರಿಗೆ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತದೆ. ಬಾವಿಗೆ ನೀರು ಬರುವ ದಾರಿಯೂ ಕಟ್ಟಿದೆ, ಕೆಳಗೆ ತೂತೂ ಬಿದ್ದಿದೆ ಅಂದುಕೊಳ್ಳಿ. ನೋವು ಮಾತ್ರ ಇರಲೇಬೇಕು ಅಂತಿಲ್ಲ. ಈ ಸೋಂಕು ಇರುವ ಬಹಳ ಜನಕ್ಕೆ ಜೀವಮಾನವಿಡೀ ಯಾವ ತೊಂದರೆಯೂ ಗೊತ್ತಾಗುವುದಿಲ್ಲ.

ಈ ಬ್ಯಾಕ್ಟೀರಿಯಾ ಸಿಕ್ಕ ಕಥೆ ನನಗೆ ಬಹಳ ಇಷ್ಟ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಅಂತ ಇಬ್ಬರು ಡಾಕ್ಟರು. ರೋಗಿಗಳ ಜಠರದಿಂದ ತೆಗೆದ ಚೂರುಗಳಲ್ಲಿ ಸುರುಳಿ ಆಕಾರದ ಬ್ಯಾಕ್ಟೀರಿಯಾ ಕಾಣುತ್ತಿತ್ತು, ಆದರೆ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಲು ನೋಡಿದರೆ ಬೆಳೆಯುತ್ತಿರಲಿಲ್ಲ. ಎರಡು ದಿನ ನೋಡಿ ಎಸೆಯುತ್ತಿದ್ದರು. 1982ರಲ್ಲಿ ಈಸ್ಟರ್ ರಜೆ ಬಂತು, ತಟ್ಟೆಗಳು ಇನ್ನಷ್ಟು ದಿನ ಹಾಗೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿತ್ತು! ಅದಕ್ಕೆ ನಿಧಾನ ಬೇಕಿತ್ತು, ಅಷ್ಟೇ. ಹುಣ್ಣಿಗೆ ಖಾರ, ಚಿಂತೆ ಕಾರಣ ಅಂತ ಜಗತ್ತೆಲ್ಲ ನಂಬಿದ್ದ ಕಾಲ ಅದು. ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ತಾವೇ ಆ ಬ್ಯಾಕ್ಟೀರಿಯಾ ಕಲಕಿ ಕುಡಿದುಬಿಟ್ಟರು. ಕೆಲವೇ ದಿನದಲ್ಲಿ ಓಕರಿಕೆ, ವಾಂತಿ. ಎಂಡೋಸ್ಕೋಪಿಯಲ್ಲಿ ಜಠರ ಊದಿದ್ದು ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ತಟ್ಟೆ ತೊಳೆಯುವ ಮುಂಚೆ ನಾನು ಇವತ್ತಿಗೂ ಇನ್ನೊಂದು ಸಲ ನೋಡುತ್ತೇನೆ.

ಕಾಫಿತೋಟದ ಸಿಸ್ಟರ್ (ಕೊಡಗು)

ನಾನು ಆರೋಗ್ಯ ಕೇಂದ್ರದಲ್ಲಿ ನರ್ಸ್. ಎಚ್ ಪೈಲೋರಿ ಒಂದು ಕಾರಣ ಸರಿ, ನಮ್ಮ ಕಡೆ ತೋಟದ ಲೈನ್‌ಮನೆಗಳಲ್ಲಿ ನಾನು ಮೊದಲು ಯೋಚಿಸುವುದು ಕೊಕ್ಕೆಹುಳು.

ಬರಿಗಾಲಲ್ಲಿ ಒದ್ದೆ ಮಣ್ಣು ತುಳಿಯುತ್ತಾರೆ. ಹುಳುವಿನ ಮರಿ ಪಾದದ ಚರ್ಮ ತೂರಿ ಒಳಗೆ ಹೋಗುತ್ತದೆ. ಅಲ್ಲಿಂದ ರಕ್ತ, ಶ್ವಾಸಕೋಶ, ಗಂಟಲು, ಮತ್ತೆ ನುಂಗಿ ಕರುಳು. ಬೆರಳ ಸಂದಿಯಲ್ಲಿ ತುರಿಕೆ, ಕೆಲವರಿಗೆ ಒಣಕೆಮ್ಮು, ಕೊನೆಗೆ ರಕ್ತಹೀನತೆ. ನೋಡಿ, ಒಂದೇ ಹುಳು ಚರ್ಮ, ಎದೆ, ರಕ್ತ ಎಲ್ಲಕ್ಕೂ ಕೈ ಹಾಕಿತು. ಕರುಳಿನ ಗೋಡೆ ಕಚ್ಚಿ ಹಿಡಿದು ಒಂದೊಂದು ಹುಳು ಕುಡಿಯುವುದು ಅತಿ ಸ್ವಲ್ಪ ರಕ್ತ. ನೂರಾರು ಸೇರಿ ವರ್ಷಗಟ್ಟಲೆ ಕುಡಿದರೆ?

ಒಬ್ಬಳು ಬಸುರಿ ಹೆಂಗಸು ಬಂದಿದ್ದಳು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದೆ, ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಉಗುರು ಚಮಚದ ಹಾಗೆ ಗುಳಿ ಬಿದ್ದಿತ್ತು. ಐರನ್ ಮಾತ್ರೆ ಮನೆಯಲ್ಲಿ ಡಬ್ಬಿಗಟ್ಟಲೆ ಇತ್ತು. ಮಾತ್ರೆ ತಗೊಂಡರೆ ಹೊಟ್ಟೆ ತೊಳಸುತ್ತೆ ಅಂತ ಕಾಫಿ ಜೊತೆ ನುಂಗುತ್ತಿದ್ದಳಂತೆ! ಕಾಫಿ, ಟೀ ಕಬ್ಬಿಣ ಹೀರಲು ಬಿಡುವುದಿಲ್ಲ. ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆ ಅಂತರ ಇರಲಿ, ನಿಂಬೆಹಣ್ಣಿನ ನೀರು ಜೊತೆಗಿರಲಿ ಅಂತ ಹೇಳಿಕೊಟ್ಟೆ. ಮೊದಲ ಮೂರು ತಿಂಗಳು ಕಳೆದಿತ್ತು, ಡಾಕ್ಟರ್ ಹುಳುವಿನ ಮಾತ್ರೆಯನ್ನೂ ಕೊಟ್ಟರು.

ಫೆಬ್ರವರಿ 10ಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ಮಾತ್ರೆ ಕೊಡುತ್ತಾರಲ್ಲ, 2015ರಿಂದ ನಡೆಯುತ್ತಿದೆ, ಅದನ್ನು ದಯವಿಟ್ಟು ತಪ್ಪಿಸಬೇಡಿ. "ನಮ್ಮ ಮಗೂಗೆ ಹುಳು ಇಲ್ಲ" ಅಂತ ವಾಪಸ್ ಕಳಿಸುವ ತಾಯಂದಿರಿಗೆ ಕೈಮುಗಿದು ಹೇಳುತ್ತೇನೆ. ಹುಳು ಇದ್ದರೂ ಹೊರಗೆ ಕಾಣುವುದಿಲ್ಲ.

ಗದಗಿನ ಮಾಸ್ತರ್

ನಂದು ಇನ್ನೊಂದು ಥರ. ಶುಗರ್ ಇದೆ, ಮೆಟ್‌ಫಾರ್ಮಿನ್ ಗುಳಿಗೆ ಶುರುವಾಗಿ ಹನ್ನೊಂದು ವರ್ಷ. ಗ್ಯಾಸ್ ಆಗ್ತದೆ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟಪ್ರಜೋಲ್. ಅದನ್ನು ಡಾಕ್ಟರ್ ಹದಿನೈದು ದಿನಕ್ಕೆ ಬರೆದದ್ದು, ನಾನು ಆರು ವರ್ಷ ನುಂಗಿದೆ. ಅಂಗಡಿಯಲ್ಲಿ ಕೇಳಿದರೆ ಕೊಡ್ತಾರಲ್ಲ.

ಪಾದ ಮರಗಟ್ಟಲು ಶುರುವಾಯಿತು. ಒಂದು ದಿನ ಸಂತೆಯಿಂದ ಮನೆಗೆ ಬಂದು ನೋಡಿದರೆ ಎಡಗಾಲಲ್ಲಿ ಚಪ್ಪಲಿಯೇ ಇಲ್ಲ. ಎಲ್ಲಿ ಕಳಚಿತೋ ಗೊತ್ತಾಗಿಲ್ಲ. ಶುಗರ್‌ದಿಂದ ನರ ಹೋಗ್ಯಾವು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ನಾಲಗೆ ಉರಿಯುತ್ತಿತ್ತು, ಹಾಜರಿ ಕರೆಯುವಾಗ ಮಕ್ಕಳ ಹೆಸರು ಮರೆಯುತ್ತಿದ್ದೆ. ಕಡೆಗೆ ರಕ್ತದಲ್ಲಿ ವಿಟಮಿನ್ ಬಿ12 ನೋಡಿದರೆ 142, ಬಹಳ ಕಮ್ಮಿ.

ಡಾಕ್ಟರ್ ಬಿಡಿಸಿ ಹೇಳಿದರು. ಹಾಲು, ಮೊಸರಿನಲ್ಲಿರುವ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ಆಮೇಲೆ ಜಠರದಲ್ಲೇ ಹುಟ್ಟುವ ಒಂದು ಪ್ರೋಟೀನ್ ಅದರ ಕೈ ಹಿಡಿದು ಸಣ್ಣ ಕರುಳಿನ ತುದಿಯವರೆಗೆ ಕರೆದೊಯ್ಯಬೇಕು. ಬಹುಪಾಲು ಅಲ್ಲೇ ಅದು ರಕ್ತಕ್ಕೆ ಸೇರುತ್ತದೆ. ಗ್ಯಾಸಿನ ಗುಳಿಗೆ ಆಮ್ಲ ತಡೆಯಿತು, ಮೆಟ್‌ಫಾರ್ಮಿನ್ ಕರುಳಿನ ತುದಿಯಲ್ಲಿ ಹೀರುವುದನ್ನು ತಡೆಯಿತು. ಮ್ಯಾಲೆ ನಾನು ಶಾಕಾಹಾರಿ, ಬರುವುದೇ ಕಮ್ಮಿ. ಲಿವರ್‌ನಲ್ಲಿ ಬಿ12 ದಾಸ್ತಾನು ವರ್ಷಗಟ್ಟಲೆ ಇರುತ್ತದಂತೆ, ಅದಕ್ಕೆ ಇಷ್ಟು ದಿನ ನಡೆಯಿತು. ಇಂಜೆಕ್ಷನ್ ಹಾಕಿಸಿಕೊಂಡೆ. ನೆನಪು ಸುಧಾರಿಸಿದೆ, ನಾಲಗೆ ಉರಿ ಹೋಗಿದೆ. ಪಾದ ಪೂರ್ತಿ ಸರಿಯಾಗಿಲ್ಲ. ತಡ ಮಾಡಿದರೆ ನರ ಮರಳಿ ಬರುವುದು ಕಷ್ಟವಂತೆ. ಮೆಟ್‌ಫಾರ್ಮಿನ್ ಬಿಟ್ಟಿಲ್ಲ, ಬಿಡಲೂ ಬಾರದು. ವರ್ಷಕ್ಕೊಮ್ಮೆ ಬಿ12 ನೋಡಿಸ್ತೇನೆ.

ಹೊಸಬ 22

ಎಲ್ಲರೂ ಮಾತ್ರೆ ಮಾತ್ರೆ ಅಂತೀರಿ. ಎಲ್ಲ ರೋಗಕ್ಕೂ ಮೂಲ ಕರುಳಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಕಮ್ಮಿ ಆಗಿರೋದು. ಪ್ರೋಬಯೋಟಿಕ್ ಕ್ಯಾಪ್ಸೂಲ್ ತಗೊಂಡು ಡಿಟಾಕ್ಸ್ ಮಾಡಿದ್ರೆ ಖಿನ್ನತೆಯಿಂದ ಮಂಡಿನೋವಿನ ತನಕ ಎಲ್ಲ ಹೋಗುತ್ತೆ. ಮೂಡ್ ನೋಡಿಕೊಳ್ಳೋ ಸಿರೊಟೋನಿನ್ ಅನ್ನೋ ರಾಸಾಯನಿಕ 90 ಪರ್ಸೆಂಟ್ ಹೊಟ್ಟೆಯಲ್ಲೇ ಆಗೋದು. ನಾನು ಖಿನ್ನತೆಯ ಮಾತ್ರೆ ಬಿಟ್ಟು ಕ್ಯಾಪ್ಸೂಲ್ ಶುರು ಮಾಡೋಣ ಅಂತಿದ್ದೀನಿ.

ಮಕ್ಕಳ ವಾರ್ಡ್ (ಬೆಳಗಾವಿ)

ಹೊಸಬರೇ, ಮೊದಲು ಕೊನೆಯ ಸಾಲಿಗೆ ಉತ್ತರ. ಖಿನ್ನತೆಯ ಮಾತ್ರೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ ಹತ್ತಿರ ಈ ವಾರವೇ ಮಾತಾಡಿ. ನಿಮ್ಮ ಬಗ್ಗೆ ಕಾಳಜಿಯಿಂದ ಹೇಳುತ್ತಿದ್ದೇನೆ.

ಸಿರೊಟೋನಿನ್‌ನ ಬಹುಪಾಲು ಕರುಳಿನಲ್ಲಿ ಆಗುತ್ತದೆ ಅನ್ನುವುದು ನಿಜ. ಆದರೆ ಅದು ರಕ್ತದಿಂದ ಮೆದುಳಿನೊಳಗೆ ದಾಟುವುದಿಲ್ಲ. ಕರುಳಿನಲ್ಲಿ ಅದರ ಕೆಲಸ ಬೇರೆ, ಊಟವನ್ನು ಮುಂದೆ ತಳ್ಳುವುದು. ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಕರುಳಿಗೂ ಮೆದುಳಿಗೂ ವೇಗಸ್ ಅನ್ನುವ ನರದ ಮೂಲಕ ಸದಾ ಮಾತುಕತೆ ಇದೆ, ಪರೀಕ್ಷೆಯ ದಿನ ಮಕ್ಕಳಿಗೆ ಭೇದಿ ಆಗುವುದು ಅದಕ್ಕೇ. ಅಷ್ಟಕ್ಕೇ ಕ್ಯಾಪ್ಸೂಲ್‌ನಿಂದ ಖಿನ್ನತೆ ಹೋಗುತ್ತದೆ ಅನ್ನಲು ಆಗಲ್ಲ.

ಒಳ್ಳೆಯ ಬ್ಯಾಕ್ಟೀರಿಯಾದಿಂದ ಏನೂ ಆಗಲ್ಲ ಅಂತಲೂ ನಾನು ಹೇಳುವುದಿಲ್ಲ. ನಮ್ಮ ದೇಶದ್ದೇ ಒಂದು ದೊಡ್ಡ ಉದಾಹರಣೆ ಇದೆ. ಒಡಿಶಾದ 149 ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ. ಪಿನಾಕಿ ಪಾಣಿಗ್ರಾಹಿ ಅವರ ತಂಡದ್ದು, 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಎದೆಹಾಲು ಕುಡಿಯುವ, ತೂಕ ಚೆನ್ನಾಗಿದ್ದ ಶಿಶುಗಳಿಗೆ ಹುಟ್ಟಿದ ಮೊದಲ ದಿನಗಳಲ್ಲಿ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾದ ಒಂದು ಆಯ್ದ ತಳಿ ಮತ್ತು ಅದರ ಆಹಾರವಾದ ಒಂದು ಬಗೆಯ ಸಕ್ಕರೆ ಕೊಟ್ಟರು. ಅರವತ್ತು ದಿನದೊಳಗೆ ರಕ್ತದ ನಂಜು ಅಥವಾ ಸಾವು ಕಂಡ ಶಿಶುಗಳು, ಹೋಲಿಕೆಗಾಗಿ ಬ್ಯಾಕ್ಟೀರಿಯಾ ಇಲ್ಲದ ಬರೀ ಹುಡಿ ಪಡೆದ ಗುಂಪಿನಲ್ಲಿ ನೂರಕ್ಕೆ 9, ಇದನ್ನು ಪಡೆದ ಗುಂಪಿನಲ್ಲಿ 5.4. ಕೊಟ್ಟದ್ದು ಹೊಟ್ಟೆಗೆ, ಆದರೆ ಶ್ವಾಸಕೋಶದ ಸೋಂಕು ಕೂಡ ಕಮ್ಮಿಯಾಯಿತು! ಮೈಯ ರಕ್ಷಣಾ ಕೋಶಗಳ ದೊಡ್ಡ ಪಾಲು ಕರುಳಿನ ಸುತ್ತಲೇ ಇದೆ. ಅವು ಅಲ್ಲಿ ತರಬೇತಾಗಿ ಬೇರೆ ಕಡೆ ಕೆಲಸ ಮಾಡುತ್ತವೆ.

ಆದರೆ ಗಮನಿಸಿ. ಅದು ಒಂದು ನಿರ್ದಿಷ್ಟ ತಳಿ, ನಿರ್ದಿಷ್ಟ ಪ್ರಮಾಣ, ನಿರ್ದಿಷ್ಟ ವಯಸ್ಸು. ಅಂಗಡಿಯ ಯಾವುದೋ ಡಬ್ಬಿಗೆ ಆ ಫಲಿತಾಂಶ ಅಂಟಿಸಬಾರದು. ಅವಧಿಗೆ ಮುಂಚೆ ಹುಟ್ಟಿದ ಪುಟ್ಟ ಶಿಶುಗಳಿಗೆ ಪ್ರೋಬಯೋಟಿಕ್‌ನಿಂದಲೇ ಅಪಾಯ ಆಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಸಿದೆ. ದಯವಿಟ್ಟು ಯಾರೂ ಮನೆಯಲ್ಲಿ ಕೂಸಿಗೆ ಪ್ರಯೋಗ ಮಾಡಬೇಡಿ.

ಹೊಸಬ 22

ಥ್ಯಾಂಕ್ಸ್ ಸರ್. ಮಾತ್ರೆ ನಿಲ್ಲಿಸಲ್ಲ. ಶುಕ್ರವಾರ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ.

ಹಿರಿಯ ಸೊಸೆ (ತುಮಕೂರು)

ಕರುಳಿನಿಂದ ಮೆದುಳಿಗೆ ತೊಂದರೆ ಆಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮಾವನವರಿಗೆ ಲಿವರ್ ಗಟ್ಟಿಯಾಗಿತ್ತು, ಸಿರೋಸಿಸ್. ಜೀವನದಲ್ಲಿ ಒಂದು ಹನಿ ಕುಡಿದವರಲ್ಲ, ಶುಗರ್ ಮತ್ತು ಕೊಬ್ಬಿನಿಂದ ಆಗಿದ್ದು. ಒಂದು ವಾರ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎದ್ದು ಓಡಾಟ. ವಯಸ್ಸಾಯಿತು ಅಂದುಕೊಂಡೆವು. ಪಿಂಚಣಿ ಕಾಗದಕ್ಕೆ ಸಹಿ ಹಾಕಲು ಕೂತರು. ನಲವತ್ತು ವರ್ಷ ಗುಮಾಸ್ತರಾಗಿದ್ದವರು, ಮುತ್ತಿನಂಥ ಅಕ್ಷರ. ಪೆನ್ನು ಹಿಡಿದು ಹೆಸರಿನ ಮೊದಲ ಅಕ್ಷರ ಬರೆದರು, ಆಮೇಲೆ ಗೆರೆ ಗೆರೆ ಗೆರೆ. ನನ್ನ ಮುಖ ನೋಡಿದರು. ಆ ನೋಟ ನೆನೆದರೆ ಈಗಲೂ ಸಂಕಟ ಆಗುತ್ತೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು "ಹೊರಗೆ ಹೋಗಿ ಎಷ್ಟು ದಿನ ಆಯ್ತು?" ಅಂತ. ನಾಲ್ಕು ದಿನ ಆಗಿತ್ತು. ಕರುಳಿನಲ್ಲಿ ಅಮೋನಿಯಾ ತಯಾರಾಗುತ್ತಲೇ ಇರುತ್ತದೆ. ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ, ಅದು ಸೋಸಿ ಬಿಡುತ್ತದೆ. ಲಿವರ್ ಕೈಚೆಲ್ಲಿದರೆ ಆ ವಿಷ ಸೀದಾ ಮೆದುಳಿಗೆ. ಮಲಬದ್ಧತೆ ಆದರೆ ಇನ್ನೂ ಜಾಸ್ತಿ. ಕೊಟ್ಟ ಔಷಧಿ ಲ್ಯಾಕ್ಟುಲೋಸ್ ಅನ್ನುವ ಸಿಹಿ ಸಿರಪ್, ಭೇದಿ ಮಾಡಿಸುವುದು! ಮೂರನೇ ದಿನ ಮಾವ ನನ್ನನ್ನು ಹೆಸರು ಹಿಡಿದು ಕರೆದರು.

ಆಮೇಲೆ ಎರಡೂವರೆ ವರ್ಷ ಇದ್ದರು. ದಿನಕ್ಕೆ ಎರಡು ಮೂರು ಸಲ ಸಲೀಸಾಗಿ ಹೋಗುವಷ್ಟು ಸಿರಪ್ ಅಳೆದು ಕೊಡುತ್ತಿದ್ದೆ. ದಿನಾ ಬೆಳಿಗ್ಗೆ ಹಳೇ ಡೈರಿಯಲ್ಲಿ ಸಹಿ ಹಾಕಿಸುತ್ತಿದ್ದೆ. ಅಕ್ಷರ ಸ್ವಲ್ಪ ಸೊಟ್ಟಗಾದರೂ ಡಾಕ್ಟರಿಗೆ ಫೋನ್. ಆ ಡೈರಿ ಇನ್ನೂ ನನ್ನ ಹತ್ತಿರ ಇದೆ.

ಬೆಳವಲದ ಮಗಳು (ಧಾರವಾಡ)

ಅಕ್ಕಾರ, ಏನು ಹೇಳಬೇಕೋ ತಿಳಿಯದು. ಮಾವನವರ ಪುಣ್ಯ ನಿಮ್ಮಂಥ ಸೊಸೆ.

ಕುಚ್ಚಲಕ್ಕಿ (ಉಡುಪಿ)

ಇಡ್ಲಿ, ದೋಸೆ ಹುದುಗಿದ ಹಿಟ್ಟಿನದ್ದಲ್ವಾ? ಪ್ರೋಬಯೋಟಿಕ್ ಅಂತ ಲೆಕ್ಕ ಹಾಕಬಹುದಾ?

ಸೂಕ್ಷ್ಮದರ್ಶಕ (ಮೈಸೂರು)

ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ಧಾರಾಳ ಇರುತ್ತದೆ, ಲ್ಯೂಕೊನಾಸ್ಟಾಕ್ ಅನ್ನುವುದು ಮುಖ್ಯ. ಆದರೆ ಹಬೆಯಲ್ಲಿ ಬೆಂದ ಮೇಲೆ ಬದುಕಿರುವುದಿಲ್ಲ. ಜೀವಂತ ಬೇಕಿದ್ದರೆ ಮೊಸರು, ಮಜ್ಜಿಗೆ, ಹುಳಿ ಬಂದ ಮೇಲೆ ಮತ್ತೆ ಕುದಿಸದ ಅಂಬಲಿ. ಹುದುಗುವಾಗ ಬೇರೆ ಲಾಭ ಇದೆ. ಕಾಳು, ಧಾನ್ಯದಲ್ಲಿ ಕಬ್ಬಿಣವನ್ನು ಬಿಗಿಹಿಡಿದಿರುವ ಫೈಟೇಟ್ ಅನ್ನುವ ಅಂಶ ಕಮ್ಮಿಯಾಗುತ್ತದೆ. ರಾಗಿ ಮೊಳಕೆ ಕಟ್ಟಿ ಹುಡಿ ಮಾಡುವುದರಲ್ಲೂ ಇದೇ ಗುಣ. ನಮ್ಮ ಅಜ್ಜಿಯರು ಕೂಸಿಗೆ ರಾಗಿ ಮೊಳಕೆ ಸರಿ ಮಾಡುತ್ತಿದ್ದರಲ್ಲ, ಎಷ್ಟು ಒಳ್ಳೆಯ ಪದ್ಧತಿ!

ಹೊರಗಿನಿಂದ ಬ್ಯಾಕ್ಟೀರಿಯಾ ತರುವುದಕ್ಕಿಂತ ಒಳಗಿರುವುದಕ್ಕೆ ಊಟ ಹಾಕುವುದು ಮುಖ್ಯ ಅಂತ ನನ್ನ ಅಭಿಪ್ರಾಯ. ಒಬ್ಬ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರ ಒಂದು ಲೆಕ್ಕ, ಎಲ್ಲ ಸೇರಿ ತೂಕ 200 ಗ್ರಾಂ. ನಮಗೆ ಜೀರ್ಣವಾಗದ ನಾರು ಅವುಗಳ ಊಟ. ಅವು ನಾರನ್ನು ತಿಂದು ಬ್ಯುಟಿರೇಟ್ ಅನ್ನುವ ವಸ್ತು ಬಿಡುತ್ತವೆ, ದೊಡ್ಡ ಕರುಳಿನ ಗೋಡೆಯ ಕೋಶಗಳು ಬದುಕುವುದೇ ಅದರ ಮೇಲೆ. ನಾರಿಗೆ ಹುರುಳಿ, ಅವರೆ, ಜೋಳ, ಸೊಪ್ಪು, ಬಾಳೆದಿಂಡು ತಿನ್ನಿ. ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ಕಡೂರಿನವನು

ಇನ್ನೂ ಒಂದು ಸೇರಿಸಿ. ನನ್ನ ತಮ್ಮನಿಗೆ 26. ಬೆಳಿಗ್ಗೆ ಎದ್ದರೆ ಸೊಂಟ ಹಿಡಿದುಕೊಳ್ಳುತ್ತಿತ್ತು, ಕಣ್ಣು ಕೆಂಪಾಗಿ ನೋಯುತ್ತಿತ್ತು. ಆಗಾಗ ರಕ್ತಭೇದಿ ಆಗುತ್ತಿದ್ದದ್ದನ್ನು ಮೂಲವ್ಯಾಧಿ ಅಂತ ಮುಚ್ಚಿಟ್ಟಿದ್ದ. ಕೊನೆಗೆ ಕಣ್ಣಿನ ಡಾಕ್ಟರೇ ಹೊಟ್ಟೆಯ ಡಾಕ್ಟರ ಹತ್ತಿರ ಕಳಿಸಿದರು. ಕರುಳಿನ ಉರಿಯೂತದ ಕಾಯಿಲೆ, ಕೀಲಿಗೂ ಕಣ್ಣಿಗೂ ಅದೇ ಕಾರಣ. ಮಲದಲ್ಲಿ ರಕ್ತ ಕಂಡರೆ ನಾಚಿಕೆ ಪಡಬೇಡಿ, ಹೇಳಿ.

ಕುಚ್ಚಲಕ್ಕಿ (ಉಡುಪಿ)

ತುಂಗಾತೀರ ಅವರೇ, ಅಮ್ಮನಿಗೆ ಬ್ಯಾಕ್ಟೀರಿಯಾ ಪೂರ್ತಿ ಹೋಗಿದೆ ಅಂತ ಹೇಗೆ ಗೊತ್ತಾಯಿತು? ಮತ್ತೆ ಎಂಡೋಸ್ಕೋಪಿ ಮಾಡಿಸಬೇಕಾ? ನನ್ನ ಅಕ್ಕನಿಗೂ ಈಗ ಅದೇ ಕೋರ್ಸ್ ನಡೀತಿದೆ.

ತುಂಗಾತೀರ (ಶಿವಮೊಗ್ಗ)

ಬೇಕಿಲ್ಲ. ಅಮ್ಮನಿಗೆ ಮಾಡಿದ್ದು ಉಸಿರಿನ ಪರೀಕ್ಷೆ. ಯೂರಿಯಾ ಬೆರೆಸಿದ ದ್ರಾವಣ ಕುಡಿಸುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಒಂದು ಚೀಲಕ್ಕೆ ಊದಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾ ಒಡೆಯುತ್ತದೆ, ಉಸಿರಿನಲ್ಲಿ ಗೊತ್ತಾಗುತ್ತದೆ. ಅದು ಸಿಗದ ಊರಲ್ಲಿ ಮಲ ಪರೀಕ್ಷೆಯಲ್ಲೂ ನೋಡಬಹುದಂತೆ. ಎರಡು ವಿಷಯ ಅಕ್ಕನಿಗೆ ತಪ್ಪದೆ ಹೇಳಿ. ಆಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಆಗಿರಬೇಕು. ಪ್ಯಾಂಟಪ್ರಜೋಲ್ ಥರದ ಗ್ಯಾಸಿನ ಮಾತ್ರೆ ಎರಡು ವಾರ ಮುಂಚೆಯೇ ಡಾಕ್ಟರಿಗೆ ಕೇಳಿ ನಿಲ್ಲಿಸಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು. ರಕ್ತದಲ್ಲಿ ಮಾಡುವ ಎಚ್ ಪೈಲೋರಿ ಪರೀಕ್ಷೆ ಇದಕ್ಕೆ ಆಗುವುದಿಲ್ಲ, ಸೋಂಕು ಹೋದ ಮೇಲೂ ಅದರಲ್ಲಿ ಪಾಸಿಟಿವ್ ತೋರಿಸುತ್ತದೆ.

ಗದಗಿನ ಮಾಸ್ತರ್ ಬರೆದದ್ದು ಓದಿ ನಿನ್ನೆ ಅಪ್ಪನ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಅವರೂ ನಾಲ್ಕು ವರ್ಷದಿಂದ ದಿನಾ ಗ್ಯಾಸಿನ ಮಾತ್ರೆ ನುಂಗುತ್ತಿದ್ದಾರೆ, ಜೊತೆಗೆ ಮೆಟ್‌ಫಾರ್ಮಿನ್. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಬಿ12ಕ್ಕೆ ಇವತ್ತು ಬೆಳಿಗ್ಗೆ ರಕ್ತ ಕೊಟ್ಟು ಬಂದೆವು, ಉಸಿರಿನ ಪರೀಕ್ಷೆಗೆ ಎರಡು ವಾರ ಬಿಟ್ಟು ಬರಲು ಹೇಳಿದ್ದಾರೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.